‘ಹೋಗಿದ್ದೆ’ ಅಂದ್ರೆ ‘ಹ್ಯಾಡ್ ಗಾನ್’ ಯಾಕಲ್ಲ?

ಶಿಡ್ಲಘಟ್ಟದಿಂದ ಪ್ರಶ್ನೆ:
ಎಂಟನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. "ನಿನ್ನೆ ಕೋಲಾರಕ್ಕೆ ಹೋಗಿದ್ದೆ" ಅನ್ನೋದನ್ನ ಹೆಚ್ಚಿನವರು "ಐ ಹ್ಯಾಡ್ ಗಾನ್ ಟು ಕೋಲಾರ್ ಯೆಸ್ಟರ್‌ಡೇ" ಅಂತ ಬರೀತಾರೆ. ತಿದ್ದಿದ್ರೆ, "ಹೋದೆ ಅಂದ್ರೆ ವೆಂಟ್, ಹೋಗಿದ್ದೆ ಅಂದ್ರೆ ಹ್ಯಾಡ್ ಗಾನ್ ಅಲ್ವಾ?" ಅಂತ ಕೇಳ್ತಾರೆ. ಏನು ಹೇಳಲಿ?

ಚಿಂತಾಮಣಿಯಿಂದ:
ಮಕ್ಕಳು ಕೇಳೋದ್ರಲ್ಲಿ ನ್ಯಾಯ ಇದೆ. ಆದ್ರೆ ನಮ್ಮ ‘ಹೋಗಿದ್ದೆ’ಯಲ್ಲಿ ಹೋಗಿ ಬಂದಾಯ್ತು ಅನ್ನೋ ಅರ್ಥ ಸೇರಿದೆ. ಇಂಗ್ಲಿಷಿನ ‘ಹ್ಯಾಡ್’ಗೆ ಬೇಕಾಗಿರೋದು ಬೇರೆ: ಅದಾದ ಮೇಲೆ ನಡೆದ, ಅದೂ ಮುಗಿದುಹೋದ ಇನ್ನೊಂದು ಸಂಗತಿ. ‘ಹ್ಯಾಡ್’ ಬರೆದ ಮಗೂನ "ಯಾವುದಕ್ಕಿಂತ ಮೊದಲು?" ಅಂತ ಕೇಳಿ. ಉತ್ತರ ಬರದಿದ್ರೆ ‘ಗೋ, ವೆಂಟ್, ಗಾನ್’ನಲ್ಲಿ ಎರಡನೇ ರೂಪವೇ ಸರಿ: "ಐ ವೆಂಟ್ ಟು ಕೋಲಾರ್ ಯೆಸ್ಟರ್‌ಡೇ."

ಬೋರ್ಡಿನ ಮೇಲೆ ಇವೆರಡನ್ನ ಒಂದರ ಕೆಳಗೊಂದು ಬರೀರಿ:
"ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್."
"ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್."
ಮೊದಲನೇದ್ರಲ್ಲಿ ನಾವು ಕಾಲಿಟ್ಟ ಹೊತ್ತಿಗೇ ರೈಲು ಹೊರಡ್ತು. ಎರಡನೇದ್ರಲ್ಲಿ ನಾವು ಹೋಗೋಷ್ಟರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. ಚಿತ್ರ ಬರೆಸಿದ್ರೆ ಇನ್ನೂ ಒಳ್ಳೇದು.

ಮಾಲೂರಿನಿಂದ:
ಇದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತೆ. "ನಿನ್ನೆ ಅವನನ್ನ ನೋಡಿದೀನಿ" ಅನ್ನೋದು ಕನ್ನಡದಲ್ಲಿ ನಡೆಯುತ್ತೆ, "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ನಡೆಯಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019, ಹೀಗೆ ಮುಗಿದ ಕಾಲದ ಮಾತು ಬಂದ್ರೆ ‘ಹ್ಯಾವ್’ ತೆಗೀಬೇಕು: "ಐ ಸಾ ಹಿಮ್ ಯೆಸ್ಟರ್‌ಡೇ." ಯಾವಾಗ ಅಂತ ಹೇಳದೆ ಹೋಗಿ ನೋಡಿದ್ದೀನಿ ಅನ್ನೋದಷ್ಟೇ ಆದ್ರೆ "ಐ ಹ್ಯಾವ್ ಬೀನ್ ಟು ನಂದಿ ಹಿಲ್ಸ್." ಇಲ್ಲಿ ‘ಬೀನ್’ ಬದಲು ‘ಗಾನ್’ ಬೇಡ. "ಶಿ ಹ್ಯಾಸ್ ಗಾನ್ ಟು ನಂದಿ ಹಿಲ್ಸ್" ಅಂದ್ರೆ ಅವಳಿನ್ನೂ ವಾಪಸ್ ಬಂದಿಲ್ಲ ಅಂತ.

ಶಿಡ್ಲಘಟ್ಟದಿಂದ:
"ಯಾವುದಕ್ಕಿಂತ ಮೊದಲು" ನಾಳೆಯಿಂದಲೇ ಕೇಳ್ತೀನಿ. ಆದ್ರೆ ‘ವೆಂಟ್’ ಕಲಿಸಿದ ಕೂಡಲೇ "ಐ ಡಿಡ್ ನಾಟ್ ವೆಂಟ್" ಶುರುವಾಗುತ್ತಲ್ಲ?

ಚಿಂತಾಮಣಿಯಿಂದ:
ಅದಕ್ಕೆ ಕನ್ನಡವೇ ಆಸರೆ. ನಾವು "ಹೋಗಲಿಲ್ಲ" ಅಂತೀವಿ, "ಹೋದಲಿಲ್ಲ" ಅನ್ನಲ್ಲ. ಮಕ್ಕಳ ಬಾಯಲ್ಲೇ "ಹೋದಲಿಲ್ಲ, ತಿಂದಲಿಲ್ಲ" ಅನ್ನಿಸಿ ನೋಡಿ, ಕಿವಿಗೆ ತಕ್ಷಣ ಹೊಡೆಯುತ್ತೆ. ‘ಡಿಡ್’ನಲ್ಲೇ ಭೂತಕಾಲ ಇರೋದ್ರಿಂದ ಅದರ ಮುಂದೆ ಗೋ, ಈಟ್, ಬೈ ಅಷ್ಟೇ.

ದಿನಕ್ಕೆ ಐದು ಕ್ರಿಯಾಪದ ಸಾಕು. ಒಂದೊಂದಕ್ಕೂ ಮೂರು ವಾಕ್ಯ: "ಐ ವೆಂಟ್", "ಐ ಡಿಡ್ ನಾಟ್ ಗೋ", "ಡಿಡ್ ಯು ಗೋ?" ಮೊದಲು ಬಾಯಲ್ಲಿ, ಆಮೇಲೆ ನೋಟ್‌ಬುಕ್ಕಲ್ಲಿ. ‘ವಾಸ್’, ‘ವರ್’ ಮಾತ್ರ ಬೇರೆ ವಾರಕ್ಕಿಡಿ. ಅವಕ್ಕೆ ‘ಡಿಡ್’ ಬೇಡ, "ಐ ವಾಸ್ ನಾಟ್" ಸಾಕು. ಎರಡನ್ನೂ ಒಟ್ಟಿಗೆ ಹೇಳಿಕೊಟ್ರೆ "ಡಿಡ್ ನಾಟ್ ವಾಸ್" ಹುಟ್ಟಿಕೊಳ್ಳುತ್ತೆ.