ಆರೈಕೆ ಕೇಂದ್ರದಲ್ಲಿರುವ ತಂದೆಗೆ ಅಂಗವಿಕಲತೆಯ ಸೌಲಭ್ಯಗಳು ಸಿಗುತ್ತವೆಯೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ. ಪಾರ್ಕಿನ್ಸನ್ ಕಾಯಿಲೆ ಬಲಿತು ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದ ಕಾರಣ, ಎಂಟು ತಿಂಗಳಿಂದ ಅವರನ್ನು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಇರಿಸಿದ್ದೇವೆ. ಅವರಿಗೆ ಸಣ್ಣ ಪಿಂಚಣಿ ಇದೆ, ಉಳಿದ ಖರ್ಚನ್ನು ಅಣ್ಣನೂ ನಾನೂ ಹಂಚಿಕೊಳ್ಳುತ್ತೇವೆ. ಕೇಂದ್ರಕ್ಕೆ ಸೇರಿದವರಿಗೆ ಅಂಗವಿಕಲರ ಸೌಲಭ್ಯ ಯಾವುದೂ ಇಲ್ಲವೆಂದು ಪರಿಚಿತರೊಬ್ಬರು ಹೇಳಿದರು. ಇದು ನಿಜವೇ? ಎಲ್ಲಿಂದ ಆರಂಭಿಸಬೇಕು?

ಮೊದಲ ಉತ್ತರ: ನಿಜವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ ಮತ್ತು ಪಾರ್ಕಿನ್ಸನ್ ಅವುಗಳಲ್ಲಿ ಹೆಸರಿಸಿಯೇ ಸೇರಿದೆ. ವ್ಯಕ್ತಿ ಮನೆಯಲ್ಲಿದ್ದಾರೋ ಕೇಂದ್ರದಲ್ಲಿದ್ದಾರೋ ಎಂಬುದರಿಂದ ಅಂಗವಿಕಲತೆ ಪ್ರಮಾಣಪತ್ರದ ಅರ್ಹತೆ ಬದಲಾಗುವುದಿಲ್ಲ. ಆದ್ದರಿಂದ ನೀವು ಆರಂಭಿಸಬೇಕಾದದ್ದು ಪ್ರಮಾಣಪತ್ರದಿಂದ. ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ) ಅರ್ಜಿ ಹಾಕಿದರೆ ಎರಡೂ ಒಟ್ಟಿಗೆ ಆಗುತ್ತವೆ. ಆಧಾರ್‌ನಲ್ಲಿರುವ ವಿಳಾಸ ಒಂದು ಜಿಲ್ಲೆಯದು, ಕೇಂದ್ರ ಇನ್ನೊಂದು ಜಿಲ್ಲೆಯದು ಎಂದಾದರೆ ಗಾಬರಿಯಾಗಬೇಡಿ. ಅವರು ಈ ಕಾಯಿಲೆಗೆ ಚಿಕಿತ್ಸೆ ಪಡೆದಿರುವ ಸರ್ಕಾರಿ ಆಸ್ಪತ್ರೆಯಲ್ಲಿಯೂ ಅರ್ಜಿ ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ.

ಪ್ರಮಾಣಪತ್ರಕ್ಕಾಗಿ ವೈದ್ಯರು ಮಾಡುವ ತಪಾಸಣೆಯ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. ನಮ್ಮ ತಾಯಿಯವರಿಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತ್ತು. ವೈದ್ಯರು ಬಲಗೈ ಎತ್ತಲು ಹೇಳಿದಾಗ ಅಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ, ಸೆರಗು ಸರಿಮಾಡಿಕೊಂಡು, "ಎಲ್ಲಾ ನಾನೇ ಮಾಡ್ಕೋತೀನಿ ಡಾಕ್ಟ್ರೇ" ಎಂದುಬಿಟ್ಟರು. ಊಟ ಮಾಡಿಸುವುದರಿಂದ ಹಿಡಿದು ರಾತ್ರಿ ಮಗ್ಗುಲು ಬದಲಿಸುವವರೆಗೆ ಎಲ್ಲವನ್ನೂ ಇನ್ನೊಬ್ಬರೇ ಮಾಡಬೇಕಿದ್ದ ದಿನಗಳವು. ಅಪರಿಚಿತರೆದುರು ತಮ್ಮ ಅಸಹಾಯಕತೆಯನ್ನು ತೋರಿಸಲು ಹಿರಿಯರಿಗೆ ಮನಸ್ಸಾಗುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಅಂಗವಿಕಲತೆಯ ಶೇಕಡಾವಾರು ನಿಗದಿಯಾಗುವುದು ಆ ಹದಿನೈದು ನಿಮಿಷಗಳಲ್ಲಿ. ಆದ್ದರಿಂದ ಯಾವ ಕೆಲಸಕ್ಕೆ ಎಷ್ಟು ನೆರವು ಬೇಕು, ಎಷ್ಟು ಸಲ ಬಿದ್ದಿದ್ದಾರೆ, ಮಾತ್ರೆಯ ಪರಿಣಾಮ ಇಳಿದಾಗ ಹೇಗಿರುತ್ತಾರೆ ಎಂಬುದನ್ನು ಆರೈಕೆ ಕೇಂದ್ರದ ದಾದಿಯರಿಂದ ಒಂದು ಹಾಳೆಯಲ್ಲಿ ಬರೆಸಿ, ಸಹಿ ಮಾಡಿಸಿ ಕೊಂಡೊಯ್ಯಿರಿ. ಪಾರ್ಕಿನ್ಸನ್‌ನಲ್ಲಿ ಇದು ಇನ್ನೂ ಮುಖ್ಯ. ಮಾತ್ರೆ ತೆಗೆದುಕೊಂಡ ಒಂದು ಗಂಟೆಯ ನಂತರ ನೋಡಿದ ವೈದ್ಯರಿಗೆ, ಬೆಳಗಿನ ಜಾವ ಹಾಸಿಗೆಯಿಂದ ಏಳಲಾಗದ ನಿಮ್ಮ ತಂದೆಯವರು ಕಾಣಿಸುವುದೇ ಇಲ್ಲ.

ಎರಡನೆಯ ಉತ್ತರ: ಆದಾಯ ತೆರಿಗೆಯ ವಿಷಯ ನಾನು ಹೇಳುತ್ತೇನೆ. ಅಂಗವಿಕಲತೆ ಶೇ 40 ಅಥವಾ ಹೆಚ್ಚು ಇದ್ದರೆ, ಅವಲಂಬಿತ ತಂದೆಯ ಆರೈಕೆಗಾಗಿ 80ಡಿಡಿ ಕಲಂ ಎಂದು ಎಲ್ಲರಿಗೂ ಪರಿಚಿತವಾಗಿರುವ ವಿನಾಯಿತಿಯಡಿ ಮಗ ಅಥವಾ ಮಗಳು ತೆರಿಗೆಗೆ ಒಳಪಡುವ ತಮ್ಮ ಆದಾಯದಲ್ಲಿ 75,000 ರೂಪಾಯಿ ಕಡಿತ ಪಡೆಯಬಹುದು. ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ. ಶುಶ್ರೂಷೆಗೆ ಖರ್ಚು ಮಾಡಿರಬೇಕು, ಆದರೆ ಖರ್ಚು ಹೆಚ್ಚೋ ಕಡಿಮೆಯೋ ಆದರೂ ಕಡಿತದ ಮೊತ್ತ ಅಷ್ಟೇ. ಪಾರ್ಕಿನ್ಸನ್ ಚಿಕಿತ್ಸೆಗೆ 80ಡಿಡಿಬಿ ಎಂದು ಪರಿಚಿತವಾಗಿರುವ ಇನ್ನೊಂದು ಕಲಂ ಇದ್ದು, ಅದರಡಿ ಅವಲಂಬಿತ ಹಿರಿಯ ನಾಗರಿಕರಿಗಾಗಿ ನಿಜವಾಗಿ ಮಾಡಿದ ಖರ್ಚಿಗೆ 1 ಲಕ್ಷ ರೂಪಾಯಿಯವರೆಗೆ ಕಡಿತವಿದೆ. ಇದಕ್ಕೆ ನರರೋಗ ತಜ್ಞರ ಚೀಟಿ ಬೇಕು. ಆರೈಕೆ ಕೇಂದ್ರದವರು ಊಟ, ವಸತಿ, ಔಷಧಿ, ಶುಶ್ರೂಷೆ ಎಲ್ಲವನ್ನೂ ಒಂದೇ ಮೊತ್ತವಾಗಿ ರಸೀದಿಯಲ್ಲಿ ಬರೆಯುವುದು ಸಾಮಾನ್ಯ. ಬೇರೆ ಬೇರೆಯಾಗಿ ಬರೆದುಕೊಡುವಂತೆ ಮೊದಲ ತಿಂಗಳಿನಿಂದಲೇ ಕೇಳಿ, ವರ್ಷದ ಕೊನೆಯಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಇವೆಲ್ಲ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಅಣ್ಣ ತಮ್ಮ ಇಬ್ಬರೂ ಪೂರ್ತಿ ಮೊತ್ತವನ್ನು ತೋರಿಸಿಕೊಳ್ಳದೆ, ತಂದೆ ಮುಖ್ಯವಾಗಿ ಯಾರನ್ನು ಅವಲಂಬಿಸಿದ್ದಾರೆ ಎಂಬುದನ್ನು ಮೊದಲೇ ಕುಳಿತು ಮಾತಾಡಿಕೊಳ್ಳಿ. ತಂದೆಯವರೇ ತೆರಿಗೆ ಕಟ್ಟುವಷ್ಟು ಪಿಂಚಣಿ ಪಡೆಯುತ್ತಿದ್ದರೆ, 80ಯು ಎಂದು ಪರಿಚಿತವಾಗಿರುವ ಕಲಂನಡಿ ಅಷ್ಟೇ ಮೊತ್ತವನ್ನು ಅವರ ರಿಟರ್ನ್ಸ್‌ನಲ್ಲಿ ಕೇಳಬಹುದು. ಆಗ ಮಕ್ಕಳಿಗೆ 80ಡಿಡಿ ಸಿಗುವುದಿಲ್ಲ. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಅವಧಿ ಮುಗಿದ ಆರ್ಥಿಕ ವರ್ಷದವರೆಗೆ ಮಾತ್ರ ಕಡಿತ ನಡೆಯುತ್ತದೆ, ಹೊಸದನ್ನು ಪಡೆಯದೆ ಮುಂದುವರಿಯುವುದಿಲ್ಲ.

ಮೂರನೆಯ ಉತ್ತರ: ಪಿಂಚಣಿಯ ಬಗ್ಗೆ ಒಂದು ಮಾತು. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ತಂದೆಯವರನ್ನು ಬ್ಯಾಂಕಿಗೆ ಹೊತ್ತೊಯ್ಯಬೇಕಾಗಿಲ್ಲ. ನಮ್ಮ ಅತ್ತೆಯವರ ಬೆರಳಿನ ಗೆರೆಗಳು ಸವೆದು ಯಂತ್ರದಲ್ಲಿ ಮೂಡದಿದ್ದಾಗ, ಕೇಂದ್ರದ ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ, ಮೊಬೈಲ್‌ನಲ್ಲಿ ಮುಖ ಗುರುತಿನ ಮೂಲಕ ಜೀವನ್ ಪ್ರಮಾಣ್ (ಡಿಜಿಟಲ್ ಜೀವಿತ ಪ್ರಮಾಣಪತ್ರ) ಮಾಡಿಸಿದೆವು. ಕಣ್ಣು ಮಿಟುಕಿಸಲು ಹೇಳಿದ್ದು ಅವರಿಗೆ ಅರ್ಥವಾಗಲು ಮೂರು ಸಲ ಬೇಕಾಯಿತು. ಕೈ ನಡುಗಿ ಸಹಿ ಹೊಂದದಿದ್ದರೆ, ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ಸೂಚನೆಯಲ್ಲಿ ಅವಕಾಶವಿದೆ. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ನಿಮ್ಮ ತಂದೆಯವರಿಗೆ ಇನ್ನೂ ಸಹಿ ಮಾಡಲು ಬರುತ್ತಿದ್ದರೆ, ಖಾತೆಗೆ ನಾಮನಿರ್ದೇಶನ ಆಗಿದೆಯೇ, ಜಂಟಿ ಹೆಸರು ಸೇರಿಸಲು ಅವರಿಗೆ ಒಪ್ಪಿಗೆಯೇ ಎಂಬುದನ್ನು ಈ ವಾರವೇ ಅವರನ್ನೇ ಕೇಳಿ.