ಮೊದಲು ಅವನ ಧ್ವನಿ ಎತ್ತಿಡಿ, ಫ್ಲೆಕ್ಸ್ ಆಮೇಲೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಪೂರ್ತಿ ಕೇಳಿ. ನಿನ್ನೆಯಿಂದ ಗ್ರೂಪಲ್ಲಿ ಎರಡು ಪ್ರಶ್ನೆ ಓಡಾಡ್ತಿವೆ. ತೀರಿಕೊಂಡ ನಮ್ಮ ಗೆಳೆಯನ ಹದಿಮೂರನೇ ದಿನಕ್ಕೆ ನಮ್ಮ 1992ರ ಎಸ್ಸೆಸ್ಸೆಲ್ಸಿ ಬ್ಯಾಚ್ ಕಡೆಯಿಂದ ದೊಡ್ಡ ಫ್ಲೆಕ್ಸ್ ಹಾಕ್ಸೋಣವಾ ಅಂತ ಒಂದು. ಹೈಸ್ಕೂಲಲ್ಲಿ ಅವನ ಹೆಸರಲ್ಲಿ ಬಹುಮಾನ ಇಡೋಕೆ ಏನ್ ಮಾಡ್ಬೇಕು ಅಂತ ಇನ್ನೊಂದು. ಎರಡಕ್ಕೂ ಹೇಳ್ತೀನಿ. ಆದ್ರೆ ಅದಕ್ಕಿಂತ ಮುಂಚೆ ಆಗ್ಬೇಕಾದ ಕೆಲಸ ಬೇರೆ ಇದೆ. ಫ್ಲೆಕ್ಸ್ ಯಾವತ್ತು ಬೇಕಾದ್ರೂ ಹಾಕ್ಬಹುದು. ಅವನ ಧ್ವನಿ ಅಳಿಸಿಹೋದ್ರೆ ಎಲ್ಲಿಂದ ತರೋದು?

ಈ ಗ್ರೂಪಲ್ಲೇ ಅವನ ವಾಯ್ಸ್ ಮೆಸೇಜ್ ಎಷ್ಟಿವೆ ನೋಡಿ. ಯಾರದೇ ಹುಟ್ಟುಹಬ್ಬ ಬಂದ್ರೂ ಬರೀತಿರಲಿಲ್ಲ, ಮಾತಾಡೇ ಕಳಿಸ್ತಿದ್ದ. ಅವೆಲ್ಲ ವಾಟ್ಸಾಪಿನಲ್ಲಿ ಎಲ್ಲೋ ಭದ್ರವಾಗಿವೆ ಅಂದ್ಕೋಬೇಡಿ. ವಾಟ್ಸಾಪ್ ತನ್ನ ಸರ್ವರಲ್ಲಿ ಅವನ್ನ ಕಾಯಂ ಆಗಿ ಇಟ್ಕೊಳ್ಳಲ್ಲ, ಇರೋದು ನಿಮ್ಮ ನಿಮ್ಮ ಫೋನಲ್ಲಿ, ಬ್ಯಾಕಪ್ ಇಟ್ಟಿದ್ರೆ ಅದರಲ್ಲಿ, ಅಷ್ಟೇ. ಹಳೇ ಮೆಸೇಜಿನ ಪಕ್ಕ ಕೆಳಮುಖದ ಬಾಣ ಕಾಣ್ತಿದ್ರೆ ಅದು ಈಗ ನಿಮ್ಮ ಫೋನಲ್ಲಿ ಇಲ್ಲ ಅಂತ ಅರ್ಥ. ಈಗ ಒತ್ತಿದ್ರೆ ಕಳಿಸಿದವರನ್ನೇ ಮತ್ತೆ ಕಳಿಸೋಕೆ ಕೇಳಿ ಅನ್ನುತ್ತೆ. ಕಳಿಸಿದವನೇ ಇಲ್ಲ. ಹಾಗಾಗಿ ಆಗಲೇ ಕೇಳಿಸ್ಕೊಂಡವರ ಫೋನಲ್ಲಿ ಹುಡುಕ್ಬೇಕು, ಒಬ್ಬರ ಹತ್ರ ಇಲ್ದೇ ಇದ್ದದ್ದು ಇನ್ನೊಬ್ಬರ ಹತ್ರ ಇರುತ್ತೆ.

ಹುಡುಕೋದು ಹೀಗೆ. ಗ್ರೂಪ್ ತೆಗೆದು ಸರ್ಚ್ ಒತ್ತಿದ್ರೆ ಕ್ಯಾಲೆಂಡರ್ ಗುರುತು ಬರುತ್ತೆ. ಯುಗಾದಿ, ರಾಜ್ಯೋತ್ಸವ, ಯಾರ ಮನೆ ಮದುವೆ ಯಾವತ್ತಿತ್ತು, ಆ ತಾರೀಕುಗಳಿಗೆ ನೇರ ಹೋಗಿ. ಅವನ ಮೆಸೇಜ್ ಸಿಕ್ಕಿದ ಕೂಡ್ಲೇ ಒತ್ತಿ ಹಿಡಿದು, ಶೇರ್ ಮಾಡಿ, ಗೂಗಲ್ ಡ್ರೈವಿಗೋ ಫೋನಿನ ಫೈಲ್ಸಿಗೋ ಹಾಕಿ. ಸ್ಟಾರ್ ಹಾಕಿದ್ರೆ ಸಾಲದು, ಅದು ಬರೀ ಗುರುತು, ಫೋನ್ ಹೋದ್ರೆ ಅದೂ ಹೋಯ್ತು. ಆಂಡ್ರಾಯ್ಡ್ ಇರೋರು ಫೈಲ್ ಮ್ಯಾನೇಜರಲ್ಲಿ ವಾಟ್ಸಾಪ್ ವಾಯ್ಸ್ ನೋಟ್ಸ್ ಅನ್ನೋ ಫೋಲ್ಡರಿಗೂ ಹೋಗ್ಬಹುದು. ಆದ್ರೆ ಅಲ್ಲೊಂದು ತೊಂದರೆ ಇದೆ. ಫೈಲಿನ ಹೆಸರು ಪಿಟಿಟಿ, ಆಮೇಲೆ ತಾರೀಕು, ಆಮೇಲೊಂದು ನಂಬರ್ ಅಷ್ಟೇ ಇರುತ್ತೆ. ಯಾರು ಮಾತಾಡಿದ್ದು ಅಂತ ಎಲ್ಲೂ ಇರಲ್ಲ. ನಿಮ್ಮ ಅತ್ತೆ, ಆಫೀಸಿನವರು, ಹಾಲಿನವನು, ಎಲ್ಲರ ಧ್ವನೀನೂ ಒಂದೇ ರಾಶೀಲಿ ಬಿದ್ದಿರುತ್ತೆ. ಅದಕ್ಕೇ ಎತ್ತಿಡುವಾಗಲೇ ಹೆಸರು ಬದಲಾಯ್ಸಿ: ತಾರೀಕು, ಅವನ ಹೆಸರು, ಯಾವ ಸಂದರ್ಭ. ಫೈಲ್ ಓಪಸ್ ಅನ್ನೋ ರೂಪದಲ್ಲಿರುತ್ತೆ, ಕೆಲವು ಟೀವಿ, ಕಾರ್ ಸ್ಟೀರಿಯೋಲಿ ಓಡಲ್ಲ. ಎಂಪಿ3 ಮಾಡ್ಕೊಳ್ಳಿ, ಮೂಲ ಫೈಲ್ ಮಾತ್ರ ಅಳಿಸ್ಬೇಡಿ.

ಅಡ್ಮಿನ್ ಆಗಿರೋರು ಈಗ್ಲೇ ಗ್ರೂಪ್ ಸೆಟ್ಟಿಂಗ್ ನೋಡಿ, ಡಿಸ್ಅಪಿಯರಿಂಗ್ ಮೆಸೇಜ್ ಆನ್ ಇದ್ರೆ ಆಫ್ ಮಾಡಿ. ಅವನ ನಂಬರನ್ನ ಗ್ರೂಪಿಂದ ತೆಗೀಬೇಡಿ. ಮನೆಯವರಿಗೂ ಒಂದು ಮಾತು ಹೇಳ್ಬೇಕು, ಅವನ ಸಿಮ್ ಸಾಯೋಕೆ ಬಿಡ್ಬಾರ್ದು. ಪ್ರೀಪೇಯ್ಡ್ ಸಿಮ್ಮಲ್ಲಿ 90 ದಿನ ಕರೆ, ಮೆಸೇಜು, ಡೇಟಾ ಏನೂ ಬಳಸ್ದೇ ಇದ್ರೆ ಕಂಪನಿಯವರು ನಂಬರ್ ಬಂದ್ ಮಾಡ್ಬಹುದು. ಬಂದ್ ಆಗಿ ಕನಿಷ್ಠ 90 ದಿನ ಕಳೆದ ಮೇಲೆ ಅದೇ ನಂಬರ್ ಬೇರೆ ಯಾರಿಗೋ ಹೋಗ್ಬಹುದು. ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನ ಸುಮ್ನಿದ್ರೆ ಅಳಿಸಿಹೋಗುತ್ತೆ. ಬ್ಯಾಂಕು, ಪಿಎಫ್, ಗ್ಯಾಸು, ಎಲ್ಲದರ ಒಟಿಪಿ ಬರೋದೂ ಆ ನಂಬರಿಗೇ. ಮರಣ ಪ್ರಮಾಣ ಪತ್ರ ಬಂದ ಮೇಲೆ ಹೆಂಡತಿ ಹೆಸರಿಗೆ ವರ್ಗ ಮಾಡಿಸ್ಕೊಳ್ಳಲಿ.

ಕಾಗದದ ವಿಷಯ ಬಂದಿದ್ರಿಂದ ಅದನ್ನೂ ಹೇಳಿಬಿಡ್ತೀನಿ. ಮನೆ ಹತ್ರ ಇರೋ ಇಬ್ಬರು ಮಾತ್ರ ಈ ಜವಾಬ್ದಾರಿ ತಗೊಳ್ಳಿ, ಹತ್ತು ಜನ ಹತ್ತು ಥರ ಫೋನ್ ಮಾಡೋದು ಬೇಡ. ಮರಣ ನೋಂದಣಿಗೆ 21 ದಿನದ ಗಡುವು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ರಿಂದ ಮಾಹಿತಿ ಅವರೇ ಕಳಿಸ್ತಾರೆ, ಆದ್ರೆ ಹೆಸರು ತಪ್ಪೋದು ಅಲ್ಲೇ. ಆಧಾರಲ್ಲಿ ತಂದೆ ಹೆಸರು ಪೂರ್ತಿ ಇದ್ದು ಪ್ರಮಾಣ ಪತ್ರದಲ್ಲಿ ಬರೀ ಇನಿಷಿಯಲ್ ಬಂದ್ರೆ ಆಮೇಲೆ ಪ್ರತಿ ಕೌಂಟರಲ್ಲೂ ಅಫಿಡವಿಟ್ ಕೇಳ್ತಾರೆ. ಅಚ್ಚಾಗೋಕೆ ಮುಂಚೆ ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಐದಾರು ಪ್ರತಿ ತಗೊಳ್ಳಿ.

ಆಮೇಲೆ ಪಾಸ್‌ಬುಕ್. ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳಲ್ಲಿ ಬೆರಳಿಟ್ಟು ನೋಡಿ. 436 ರೂಪಾಯಿ ಕಳೆದಿದ್ರೆ ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆ, ಯಾವ ಕಾರಣಕ್ಕೆ ತೀರಿಕೊಂಡ್ರೂ 2 ಲಕ್ಷ ಬರುತ್ತೆ. 20 ರೂಪಾಯಿ ಕಳೆದಿದ್ರೆ ಸುರಕ್ಷಾ ವಿಮೆ, ಅದು ಅಪಘಾತಕ್ಕೆ ಮಾತ್ರ. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಇದು ಗೊತ್ತೇ ಇರಲ್ಲ, ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಹಾಕಿಸ್ಕೊಂಡಿರ್ತಾರೆ. ಪ್ರೀಮಿಯಂ ಕಡಿತ ಆದ ಶಾಖೆಯಲ್ಲೇ ಕ್ಲೇಮ್ ಕೊಡ್ಬೇಕು, ತಡ ಮಾಡ್ಬಾರ್ದು. ಅವನಿಗೆ ಪಿಎಫ್ ಹಿಡೀತಿದ್ರು, ಕೆಲಸದಲ್ಲಿದ್ದಾಗಲೇ ಹೋಗಿದಾನೆ. ಹಾಗಾಗಿ ಪಿಎಫ್ ಹಣ, ಪಿಂಚಣಿ ಅಲ್ದೇ ಇಡಿಎಲ್‌ಐ ವಿಮೆ ಅಂತ ಪ್ರತ್ಯೇಕ ಇದೆ, ಗರಿಷ್ಠ 7 ಲಕ್ಷದವರೆಗೆ. ಅದಕ್ಕೆ ಫಾರಂ 5ಐಎಫ್ ತುಂಬ್ಬೇಕು, ಕೇಳ್ದೇ ಇದ್ರೆ ಯಾರೂ ನೆನಪಿಸಲ್ಲ. ಎಟಿಎಂ ಪಿನ್ ಗೊತ್ತಿದೆ ಅಂತ ಅವನ ಖಾತೆಯಿಂದ ದುಡ್ಡು ತೆಗೆಯೋದು ಮಾತ್ರ ಬೇಡ, ಮುಂದೆ ಬೇರೆ ವಾರಸುದಾರರು ಪ್ರಶ್ನೆ ಎತ್ತಿದ್ರೆ ಕಷ್ಟ ಆ ಹೆಣ್ಣುಮಗಳಿಗೇ. ಆಧಾರು, ಪಾಸ್‌ಬುಕ್ಕಿನ ಫೋಟೋ ಈ ಗ್ರೂಪಿಗೆ ಹಾಕ್ಬೇಡಿ ದಯವಿಟ್ಟು. ಮನೆಯವರಿಗೆ ಅಂತ ನಾವು ಸೇರ್ಸೋ ಹಣ ನೇರ ಅವನ ಹೆಂಡತಿ ಖಾತೆಗೇ ಹೋಗ್ಲಿ. ಮೊದಲು 1 ರೂಪಾಯಿ ಕಳಿಸಿ, ತಲುಪಿದ್ದನ್ನ ಕೇಳ್ಕೊಂಡು ಉಳಿದದ್ದು ಹಾಕಿ.

ಈಗ ಫೋಟೋ. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋನ ಎಲ್ಲರೂ ಮೊಬೈಲಲ್ಲಿ ತೆಗೆದು ಅವನ ಮುಖಕ್ಕೆ ಗುಂಡು ಸುತ್ತಿ ಹಾಕ್ತಿದೀರಿ. ಪ್ರೀತಿಯಿಂದ ಮಾಡ್ತಿದೀರಿ, ಆದ್ರೆ ಅದ್ರಲ್ಲಿ ಅವನ ಕಣ್ಣೂ ಕಾಣ್ತಿಲ್ಲ. ಲೆಕ್ಕ ನೋಡಿ. ಹತ್ತಿಂಚು ಅಗಲದ ಪ್ರಿಂಟಲ್ಲಿ ಒಂದು ಮುಖ ಕಾಲಿಂಚು. 600 ಡಿಪಿಐ, ಅಂದ್ರೆ ಇಂಚಿಗೆ 600 ಚುಕ್ಕೆಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಮುಖಕ್ಕೆ 150 ಚುಕ್ಕೆ ಸಿಗುತ್ತೆ, 1200ಕ್ಕೆ ಮಾಡಿದ್ರೆ 300. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಇಡೀ ಚಿತ್ರ ಸುಮಾರು 1600 ಚುಕ್ಕೆಗೆ ಕುಗ್ಗುತ್ತೆ, ಮುಖಕ್ಕೆ ಉಳಿಯೋದು 40. ಅದಕ್ಕೇ ಒಳ್ಳೇ ಪ್ರತಿ ಇರೋರು ಫೋಟೋ ಸ್ಟುಡಿಯೋಲಿ 1200ಕ್ಕೆ ಸ್ಕ್ಯಾನ್ ಮಾಡ್ಸಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫ್ರೇಮಿನ ಗಾಜಿಗೆ ಫೋಟೋ ಅಂಟಿದ್ರೆ ಎಳೀಬೇಡಿ, ಬಣ್ಣದ ಪದರ ಗಾಜಿನ ಜೊತೆ ಕಿತ್ತು ಬರುತ್ತೆ, ಗಾಜಿನ ಸಮೇತ ಸ್ಕ್ಯಾನ್ ಮಾಡ್ಸಿ. ಮುಖ ಸ್ಪಷ್ಟ ಮಾಡೋ ಎಐ ಆ್ಯಪ್ ಕೂಡ ಬೇಡ. ಅದು ಇಲ್ಲದ ಕಣ್ಣು, ಇಲ್ಲದ ಹಲ್ಲು ತಾನೇ ಬರೆದು ಕೂರಿಸುತ್ತೆ. ನೋಡೋಕೆ ಚೆಂದ ಇರ್ಬಹುದು, ಅವನಾಗಿರಲ್ಲ.

ನೆನಪು ಬರೆದು ಕಳಿಸೋರು ಅಜಾತಶತ್ರು, ಸರಳ ಸಜ್ಜನ ಅಂತ ಬರೀಬೇಡಿ. ಮಕ್ಕಳಿಗೆ ಅಪ್ಪ ಗೊತ್ತು, ಹದಿನೈದರ ಹುಡುಗ ಗೊತ್ತಿಲ್ಲ. ಯಾವ ಬೆಂಚು, ಪಕ್ಕದಲ್ಲಿ ಯಾರು, ಯಾವ ಮೇಷ್ಟ್ರಿಗೆ ಹೆದರ್ತಿದ್ದ, ಸೈಕಲ್ ಯಾವ ಬಣ್ಣ, ಡಬ್ಬೀಲಿ ಏನ್ ತರ್ತಿದ್ದ, ಇಂಥದ್ದು ಒಂದೊಂದೇ ಸಾಕು. ಧ್ವನಿ ಫೈಲುಗಳನ್ನ ಹಾಗೇ ತಗೊಂಡೋಗಿ ಅವನ ಮನೆಯವರ ಮುಂದೆ ಹಾಕ್ಬೇಡಿ. ಒಬ್ಬರು ಮೊದಲು ಎಲ್ಲ ಕೇಳಿ, ಬೇರೆಯವರ ಮನೆ ವಿಷಯ ಇರೋದನ್ನ ಬೇರೆ ಇಡಿ. ಉಳಿದದ್ದನ್ನ ಪೆನ್‌ಡ್ರೈವಲ್ಲಿ ಹಾಕಿ, ಇದ್ರಲ್ಲಿ ಅವನ ಮಾತಿದೆ ಅಂತ ಹೇಳಿ ಕೊಡಿ. ಯಾವಾಗ ಕೇಳ್ಬೇಕು ಅನ್ನೋದು ಅವರಿಗೆ ಬಿಟ್ಟದ್ದು.

ದತ್ತಿ ಬಹುಮಾನಕ್ಕೆ ಅವಸರ ಇಲ್ಲ. 50,000 ಠೇವಣಿ ಇಟ್ರೆ ಶೇಕಡಾ 6.5ರ ಬಡ್ಡೀಲಿ ವರ್ಷಕ್ಕೆ 3,250. ಒಂದು ಮಗುವಿಗೆ ಒಳ್ಳೇ ನಿಘಂಟು, ಜೊತೆಗೆ ನಗದು ಆಗುತ್ತೆ. ಇಂಥವು ಹಾಳಾಗೋದು ಒಂದೇ ಥರ. ಹೆಡ್‌ಮಾಸ್ಟ್ರು ವರ್ಗ ಆಗ್ತಾರೆ, ರಸೀದಿ ಬೀರುವಲ್ಲಿ ಉಳಿಯುತ್ತೆ, ಹೊಸಬರಿಗೆ ಗೊತ್ತಿರಲ್ಲ. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ವಾಪಸ್ ಪಡೀಬಹುದು, ಆದ್ರೆ ಓಡಾಟ. ಹಾಗಾಗಿ ಠೇವಣಿ ಹೆಡ್‌ಮಾಸ್ಟ್ರ ಹುದ್ದೆಯ ಹೆಸರಲ್ಲಿರ್ಲಿ, ವ್ಯಕ್ತಿ ಹೆಸರಲ್ಲಿ ಬೇಡ. ರಸೀದಿ ಪ್ರತಿ ನಮ್ಮಲ್ಲಿ ಇಬ್ಬರ ಹತ್ರ ಇರ್ಲಿ. ನಿಯಮಾನ ಒಂದು ಹಾಳೇಲಿ ಬರೆದು ಕೊಡೋಣ. ಕನ್ನಡದಲ್ಲಿ ಅತಿ ಹೆಚ್ಚು ಅಂಕ ಅಂತ ಇಟ್ರೆ ಈಗ 125ಕ್ಕೆ 125 ತಗೊಳ್ಳೋ ಮಕ್ಕಳು ಒಂದೇ ಶಾಲೇಲಿ ಮೂರ್ನಾಲ್ಕು ಇರ್ಬಹುದು, ಸಮ ಬಂದ್ರೆ ಏನು ಅಂತ ಬರೆದಿರ್ಬೇಕು. ಅವನು ಮೊದಲ ರ‍್ಯಾಂಕಿನವನಲ್ಲ, ದಿನಾ ಹಳ್ಳಿಯಿಂದ ಸೈಕಲ್ ತುಳಿದು ಬಂದವನು. ದೂರದಿಂದ ಬಂದೂ ಹಾಜರಿ ತಪ್ಪಿಸದ ಮಗುವಿಗೆ ಕೊಟ್ರೆ ಸರಿ ಅನ್ಸುತ್ತೆ, ಯೋಚ್ನೆ ಮಾಡಿ.

ಕೊನೇದು, ನಮ್ಮ ಕನ್ನಡ ಮೇಷ್ಟ್ರಿಗೆ ಯಾರೂ ನೇರ ಫೋನ್ ಮಾಡ್ಬೇಡಿ, ವಯಸ್ಸಾಗಿದೆ. ಮೊದಲು ಅವರ ಮಗನಿಗೆ ಹೇಳಿ. ಮತ್ತೆ 2019ರ ದಸರಾ ದಿನ ಅವನು ಕಳಿಸಿದ್ದ ಎರಡು ನಿಮಿಷದ ಮೆಸೇಜ್ ಇದೆಯಲ್ಲ, ಅದರ ಪಕ್ಕ ಬಾಣ ಇಲ್ಲದ ಫೋನ್ ಯಾರದ್ದಿದೆ, ಇವತ್ತು ರಾತ್ರಿಯೊಳಗೆ ಹೇಳಿ.