ಸಾಫ್ಟ್‌ವೇರ್ ಶೇ. 78 ಎಐ ಅಂತ ತೋರಿಸಿದರೆ ಮಗ ಮೋಸ ಮಾಡಿದ ಹಾಗಾಯ್ತಾ?

ಪ್ರಶ್ನೆ (ಬ್ರಹ್ಮಾವರದಿಂದ ಒಬ್ಬ ತಾಯಿ):
ನಮಸ್ಕಾರ ಮೇಡಂ. ನನ್ನ ಮಗ ಉಡುಪಿಯ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಬಿಕಾಂ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಮಲ್ಪೆ ಬಂದರಿನ ಮೀನು ಹರಾಜಿನ ಬಗ್ಗೆ ಹನ್ನೆರಡು ಪುಟದ ಪ್ರಾಜೆಕ್ಟ್ ಬರೆದ. ಡಿಸೆಂಬರಿನಲ್ಲಿ ನಾಲ್ಕು ದಿನ ಬೆಳಿಗ್ಗೆ ಬೇಗ ಎದ್ದು ಬಂದರಿಗೆ ಹೋಗಿದ್ದಾನೆ. ನಾನೇ ಚಾ ಮಾಡಿ ಕೊಟ್ಟು ಕಳಿಸಿದ್ದು. ಈಗ ಕಾಲೇಜಿನವರು ಯಾವುದೋ ಸಾಫ್ಟ್‌ವೇರ್‌ಗೆ ಹಾಕಿ, ಶೇ. 78 ಎಐ ಬರೆದದ್ದು ಅಂತ ಇಂಟರ್ನಲ್ ಮಾರ್ಕ್ಸ್ ಸೊನ್ನೆ ಕೊಟ್ಟಿದ್ದಾರೆ. ಹತ್ತಕ್ಕಿಂತ ಜಾಸ್ತಿ ಬಂದರೆ ಯುಜಿಸಿ ನಿಯಮದ ಪ್ರಕಾರ ತಪ್ಪು ಅಂದರಂತೆ. ಅವನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕಾಲೇಜಿಗೆ ಹೋಗಿ ಏನಂತ ಮಾತಾಡಬೇಕು?

ಉತ್ತರ (ಮಂಗಳೂರಿನ ಉಪನ್ಯಾಸಕಿ, ಕಾಮರ್ಸ್ ವಿಭಾಗ):
ಅಕ್ಕಾ, ಮೊದಲು ಹುಡುಗನಿಗೆ ಊಟ ಹಾಕಿ. ಇದು ಸರಿ ಮಾಡಲು ಆಗುವ ವಿಷಯ.

ಆ 78 ಅನ್ನುವ ಅಂಕಿ ಸಾಕ್ಷಿ ಅಲ್ಲ, ಅಂದಾಜು. ಯಾರು ಕೂತು ಬರೆದರು ಅಂತ ತಿಳಿಯಲು ಆ ಸಾಫ್ಟ್‌ವೇರ್‌ಗೆ ದಾರಿಯೇ ಇಲ್ಲ. ಒಂದು ಶಬ್ದ ಆದ ಮೇಲೆ ಮುಂದಿನ ಶಬ್ದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು ಅದು ಮುಖ್ಯವಾಗಿ ನೋಡುತ್ತದೆ. ತುಂಬಾ ಸುಲಭ ಅನ್ನಿಸಿದರೆ ಯಂತ್ರದ್ದಿರಬೇಕು ಅನ್ನುತ್ತದೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳ ಇಂಗ್ಲಿಷ್ ಹೇಗಿರುತ್ತದೆ ಹೇಳಿ? ಗೊತ್ತಿರುವ ಶಬ್ದ, ಗೈಡಿನಲ್ಲಿ ಓದಿದಂಥ ವಾಕ್ಯ, ತಪ್ಪಾಗಬಾರದು ಅನ್ನುವ ಹೆದರಿಕೆ. ಹಾಗಾಗಿ ಅವರೇ ಜಾಸ್ತಿ ಸಿಕ್ಕಿಬೀಳುತ್ತಾರೆ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಫ್ಟ್‌ವೇರ್‌ಗೆ ಕೊಟ್ಟರು. ಸರಾಸರಿ ಶೇ. 61ರಷ್ಟು ಪ್ರಬಂಧಗಳಿಗೆ ಎಐ ಅಂತ ಉತ್ತರ ಬಂತು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳು ಬರೆದದ್ದಕ್ಕೆ ಹೆಚ್ಚುಕಮ್ಮಿ ಸರಿ ಉತ್ತರವೇ ಬಂತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೂ 2023ರ ಜನವರಿಯಲ್ಲಿ ಇಂಥದ್ದೊಂದು ತಂದಿತ್ತು. ಅವರದೇ ಲೆಕ್ಕದಲ್ಲಿ, ಎಐ ಬರೆದದ್ದರಲ್ಲಿ ಅದು ಹಿಡಿದದ್ದು ಶೇ. 26 ಮಾತ್ರ. ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ತಪ್ಪಾಗಿ ಎಐ ಅಂದಿತು. ಸರಿಯಾಗಿ ಹಿಡಿಯುವುದಿಲ್ಲ ಅಂತ ಅದೇ ಜುಲೈಯಲ್ಲಿ ನಿಲ್ಲಿಸಿಬಿಟ್ಟರು.

ಇನ್ನು ಯುಜಿಸಿ ಮಾತು. 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ ಅಂತ ಇರುವುದು ನಿಜ. ಆದರೆ ಅದು ಇನ್ನೊಬ್ಬರು ಬರೆದದ್ದನ್ನು ನಕಲು ಮಾಡಿದ ಲೆಕ್ಕ. ನಕಲಾದರೆ ಮೂಲವನ್ನು ಪಕ್ಕದಲ್ಲಿಟ್ಟು ತೋರಿಸಬಹುದು. ಎಐ ಶೇಕಡಾದಲ್ಲಿ ಪಕ್ಕಕ್ಕಿಡಲು ಏನೂ ಇಲ್ಲ. ಆ ನಿಯಮ ಬಂದಾಗ ಚಾಟ್‌ಜಿಪಿಟಿ ಇರಲೇ ಇಲ್ಲ, ಅದು ಬಂದದ್ದು 2022ರ ನವೆಂಬರ್ 30ಕ್ಕೆ. ಎರಡನ್ನೂ ಒಂದೇ ಅಂತ ಹಿಡಿದು ಮಾರ್ಕ್ಸ್ ಕಡಿಯುವುದು ಅನ್ಯಾಯ. ನಾನೂ ಕಾಲೇಜಿನವಳೇ, ಆದರೂ ಹೇಳುತ್ತೇನೆ.

ಹೋಗುವ ಮೊದಲು ಮಗನ ಹತ್ತಿರ ಒಂದು ವಿಷಯ ಕೇಳಿ. ಬೈಯಬೇಡಿ. ಬರೆಯುವಾಗ ಫೋನಿನಲ್ಲಿ ಏನೇನು ಬಳಸಿದ?

ಬ್ರಹ್ಮಾವರದ ತಾಯಿ:
ಕೇಳಿದೆ ಮೇಡಂ. ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿದ್ದಾನೆ. ಆಮೇಲೆ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಇಂಗ್ಲಿಷ್ ಮಾಡಿದ್ದಾನೆ. ಇದನ್ನು ಹೇಳಿದರೆ ಇನ್ನೂ ತೊಂದರೆ ಆಗ್ತದಾ? ನೋಟ್‌ಬುಕ್ ಮನೆಯಲ್ಲೇ ಇದೆ. ಒಂದೆರಡು ಪುಟಕ್ಕೆ ಮೀನಿನ ನೀರು ತಾಗಿ ಶಾಯಿ ಹರಡಿದೆ.

ಉತ್ತರ:
ಹೇಳಲೇಬೇಕು ಅಕ್ಕಾ. ಟ್ರಾನ್ಸ್‌ಲೇಟ್ ಕೂಡ ಎಐಯೇ. ಆ ಇಂಗ್ಲಿಷ್ ವಾಕ್ಯಗಳು ಯಂತ್ರದ್ದು, ಒಳಗಿನ ವಿಷಯ ನಿಮ್ಮ ಮಗನದ್ದು. ಎರಡೂ ನಿಜ. ಮೊದಲನೆಯದನ್ನು ಮುಚ್ಚಿಟ್ಟರೆ ಎರಡನೆಯದನ್ನೂ ಯಾರೂ ನಂಬುವುದಿಲ್ಲ. ರಿಪೋರ್ಟಿನಲ್ಲೇ ಒಂದು ಸಾಲು ಬರೆಯಬೇಕಿತ್ತು, ಅಷ್ಟು ಅವನ ತಪ್ಪು.

ನೋಟ್‌ಬುಕ್ ತೆಗೆದುಕೊಂಡು ಹೋಗಿ. ಶಾಯಿ ಹರಡಿದ ಪುಟ ಮೊದಲು ತೋರಿಸಿ. ಫೋನಿನಲ್ಲಿ ಬಂದರಿನ ಫೋಟೋ ಇದ್ದರೆ ತಾರೀಕು ಸಮೇತ ತೋರಿಸಲಿ. ಆಮೇಲೆ ಒಂದೇ ಬೇಡಿಕೆ ಇಡಿ: ಹದಿನೈದು ನಿಮಿಷ ಅವನನ್ನು ಕೂರಿಸಿ ಪ್ರಶ್ನೆ ಕೇಳಿ, ಕನ್ನಡದಲ್ಲಿ ಉತ್ತರ ಹೇಳಲು ಬಿಡಿ.

ನನ್ನ ಕ್ಲಾಸಿನಲ್ಲಿ ನಡೆದದ್ದು ಹೇಳುತ್ತೇನೆ. ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಬಗ್ಗೆ ಒಬ್ಬ ಪ್ರಾಜೆಕ್ಟ್ ಕೊಟ್ಟ. ಚಂದದ ಇಂಗ್ಲಿಷ್. ಒಂದು ಟೇಬಲ್‌ನಲ್ಲಿ ಜುಲೈ ಎರಡನೇ ವಾರದ ಟ್ರಾಲ್ ಬೋಟುಗಳ ಮೀನಿನ ದರ, ದಿನ ದಿನದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಅಲ್ವಾ? "ಜುಲೈಯಲ್ಲಿ ಬೋಟು ಎಲ್ಲಿತ್ತು?" ಅಂತ ಕೇಳಿದೆ. ಅವನು ಸುಮ್ನೆ ನೆಲ ನೋಡಿದ. ಅವನು ದಕ್ಕೆಗೆ ಕಾಲಿಟ್ಟಿರಲೇ ಇಲ್ಲ. ಗೊತ್ತಾಗಲು ಸಾಫ್ಟ್‌ವೇರ್ ಬೇಕಾಗಲಿಲ್ಲ, ರಿಪೋರ್ಟನ್ನು ಪೂರ್ತಿ ಓದಬೇಕಾಯಿತು ಅಷ್ಟೆ.

ಪ್ರಶ್ನೆ (ಬಂಟ್ವಾಳದಿಂದ ಹೈಸ್ಕೂಲ್ ಕನ್ನಡ ಟೀಚರ್):
'ನಮ್ಮ ಊರಿನ ಜಾತ್ರೆ' ಅಂತ ಮನೆಗೆ ಪ್ರಬಂಧ ಕೊಟ್ಟಿದ್ದೆ. ಮೂವತ್ತರಲ್ಲಿ ಹನ್ನೊಂದು "ಜಾತ್ರೆಯು ನಮ್ಮ ಸಂಸ್ಕೃತಿಯ ಪ್ರತಿಬಿಂಬವಾಗಿದೆ" ಅಂತಲೇ ಶುರು. ಮಕ್ಕಳಿಗೆ ಫೋನೇ ಕೊಡಬೇಡಿ ಅಂತ ಮನೆಯವರಿಗೆ ಹೇಳುವುದಾ?

ಉತ್ತರ:
ಪೂರ್ತಿ ಬಂದ್ ಮಾಡುವುದು ನಡೆಯುವುದಿಲ್ಲ ಟೀಚರ್. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿ ನಿಷೇಧ ಮಾಡಿ, ಮೇಯಲ್ಲಿ ಹಿಂದೆ ತೆಗೆದುಕೊಂಡವು. ಆದರೆ ಚಿಕ್ಕ ಮಕ್ಕಳ ಕೈಗೆ ಬೇಡ. ಕ್ಲಾಸಿನಲ್ಲಿ ಇದನ್ನು ಬಳಸಲು ಕಡಿಮೆ ಅಂದರೂ 13 ವರ್ಷ ಆಗಿರಬೇಕು ಅಂತ ಯುನೆಸ್ಕೊ ಅದೇ ಸೆಪ್ಟೆಂಬರಿನಲ್ಲಿ ಹೇಳಿತು.

ಪ್ರಬಂಧವನ್ನು ಕ್ಲಾಸಿನಲ್ಲೇ ಬರೆಸಿ, ಇಪ್ಪತ್ತು ನಿಮಿಷ ಸಾಕು. ವಿಷಯ ಸ್ವಲ್ಪ ಬದಲಿಸಿ: ಜಾತ್ರೆಯಲ್ಲಿ ಏನು ತೆಗೆದುಕೊಂಡೆ, ಎಷ್ಟು ಕೊಟ್ಟೆ, ಯಾರಿಂದ ಬೈಸಿಕೊಂಡೆ. ಬರೆದ ಮೇಲೆ ಇಬ್ಬರನ್ನು ನಿಲ್ಲಿಸಿ, ಉಳಿದವರು ಪ್ರಶ್ನೆ ಕೇಳಲಿ. ನಮ್ಮ ತಾಳಮದ್ದಳೆ ಹಾಗೇ ಅಲ್ವಾ? ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ. ಎದುರು ಕೂತವರು ಕೇಳಿದ್ದಕ್ಕೆ ಅಲ್ಲೇ ಮಾತು ಹುಟ್ಟಬೇಕು. ಈ ಊರಿನ ಮಕ್ಕಳು ಅದನ್ನು ಕೇಳಿ ಬೆಳೆದವರು, ನೀವು ಹೇಳಿದರೆ ಕೂಡಲೇ ಹಿಡಿಯುತ್ತಾರೆ.

ಪ್ರಶ್ನೆ (ಸುರತ್ಕಲ್‌ನಿಂದ ಒಬ್ಬ ತಂದೆ):
ಮಗಳು ಇಂಜಿನಿಯರಿಂಗ್. ರಾತ್ರಿ ಎಐ ಹತ್ತಿರ ಡೌಟ್ ಕೇಳುತ್ತಾಳೆ. ಬೇಡ ಅನ್ನಬೇಕಾ?

ಉತ್ತರ:
ಬೇಡ ಅನ್ನಬೇಡಿ ಸರ್, ಕೇಳಲಿ. ಉತ್ತರ ನೋಡಿದ ಮೇಲೆ ಫೋನ್ ಮಗುಚಿಟ್ಟು ಅದೇ ಲೆಕ್ಕವನ್ನು ಕೈಯಲ್ಲಿ ಒಮ್ಮೆ ಮಾಡಲಿ. ಅದು ಹೇಳಿದ ಪುಸ್ತಕ ನಿಜಕ್ಕೂ ಇದೆಯಾ ಅಂತ ಲೈಬ್ರರಿಯಲ್ಲಿ ನೋಡಲಿ. ಇಲ್ಲದ ಪುಸ್ತಕದ ಹೆಸರನ್ನೂ ಅದು ಇದ್ದ ಹಾಗೇ ಹೇಳುತ್ತದೆ.

ಬ್ರಹ್ಮಾವರದ ತಾಯಿ:
ಮೇಡಂ, ಇವತ್ತು ಹೋಗಿ ಬಂದೆವು. ಎಚ್‌ಒಡಿ ನೋಟ್‌ಬುಕ್ ಪೂರ್ತಿ ತಿರುವಿ ನೋಡಿದರು. ಹರಾಜಿನಲ್ಲಿ ದರ ಹೇಗೆ ನಿಲ್ಲುತ್ತದೆ ಅಂತ ಕೇಳಿದರು, ಕನ್ನಡದಲ್ಲಿ ಪಟಪಟ ಹೇಳಿದ. ಐಸಿನ ಖರ್ಚು ಕೇಳಿದಾಗ ತಡವರಿಸಿದ. ಸೊನ್ನೆ ತೆಗೆದಿದ್ದಾರೆ. ಹತ್ತು ದಿನದಲ್ಲಿ ಅವನದೇ ಇಂಗ್ಲಿಷಿನಲ್ಲಿ ಮತ್ತೆ ಬರೆದು ಕೊಡಬೇಕಂತೆ, ವ್ಯಾಕರಣ ತಪ್ಪಿಗೆ ಮಾರ್ಕ್ಸ್ ಕಡಿಯುವುದಿಲ್ಲವಂತೆ. ಮಧ್ಯಾಹ್ನ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಊಟ ಮಾಡಿದ.

ಉತ್ತರ:
ತುಂಬಾ ಸಂತೋಷ ಆಯ್ತು ಅಕ್ಕಾ. ಬರೆದಾದ ಮೇಲೆ ನನಗೆ ಕಳಿಸಲಿ. ತಪ್ಪಿದ್ದಲ್ಲಿ ಗುರುತು ಹಾಕುತ್ತೇನೆ, ತಿದ್ದುವುದು ಅವನೇ. ಐಸಿನ ಲೆಕ್ಕಕ್ಕೆ ಇನ್ನೊಂದು ಬೆಳಿಗ್ಗೆ ಬಂದರಿಗೆ ಹೋಗಬೇಕಾಗುತ್ತದೆ, ಚಾ ಮಾಡಿ ಕೊಡಿ.